ಸಿಯೋಪಾವ್ ಮಾಡಿದರೆ ಸುಕ್ಕು, ಮೇಲೆ ಹಳದಿ ಕಲೆ. ಎಲ್ಲಿ ಎಡವುತ್ತಿದ್ದೇನೆ?

ಮಡಿಕೇರಿಮಳೆ
ಫಿಲಿಪೀನ್ಸ್‌ನ ದಾವಾವ್‌ನಲ್ಲಿ ಮೆಡಿಕಲ್ ಓದಿದವಳು ನಾನು. ರೂಮಿನ ಕೆಳಗೇ ಒಂದು ಅಂಗಡಿ, ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಬೆಯಾಡುತ್ತಾ ಸಿಯೋಪಾವ್ ಇರುತ್ತಿತ್ತು. ಬಿಳಿ ಬನ್ನು, ಒಳಗೆ ಸಿಹಿ-ಉಪ್ಪು ಹಂದಿ ಮಾಂಸ, ಕೆಳಗೆ ಅಂಟಿಕೊಂಡ ಚೂರು ಕಾಗದ. ಪರೀಕ್ಷೆ ಸಮಯದಲ್ಲಿ ಅದೇ ಊಟ. ಈಗ ಊರಲ್ಲಿದ್ದೇನೆ, ಹಂದಿ ಮಾಂಸಕ್ಕೆ ಬರವಿಲ್ಲ, ಆದರೆ ಸಿಯೋಪಾವ್ ಎಲ್ಲಿಂದ ತರಲಿ? ಮೊಮೊ ಸಿಗುತ್ತದೆ, ಅದು ಬೇರೆಯೇ.

ಭಾನುವಾರ ಮಾಡಿದೆ. 400 ಗ್ರಾಂ ಮೈದಾ, ಯೀಸ್ಟ್, ಸಕ್ಕರೆ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್. ಹಿಟ್ಟು ಚೆನ್ನಾಗಿ ಉಬ್ಬಿತು. ಒಳಗೆ ಹಿಂದಿನ ದಿನದ ಪಂದಿ ಕರಿ ತುಂಬಿ, ಉಂಡೆ ಮಾಡಿ ಒಲೆ ಪಕ್ಕ ಇಟ್ಟು, ಫೋನ್ ಬಂತು ಅಂತ ಹೋದವಳು ಒಂದು ಗಂಟೆ ಬಿಟ್ಟು ಬಂದೆ. ಇಡ್ಲಿ ಪಾತ್ರೆಯಲ್ಲಿ ಜೋರು ಉರಿ, 20 ನಿಮಿಷ. ಮುಚ್ಚಳ ತೆಗೆದಾಗ ದುಂಡಗೆ ಇದ್ದವು, ನೋಡ್ತಾ ನೋಡ್ತಾ ಕುಸಿದವು. ಮೇಲೆಲ್ಲ ಹಳದಿ ಚುಕ್ಕೆ, ಸುಕ್ಕು, ಕೆಳಗೆ ಗ್ರೇವಿ ಸೋರಿ ಮುದ್ದೆ. ಅಮ್ಮ ನೋಡಿ, "ಇದೇನೇ, ಹಲ್ಲಿಲ್ಲದ ಅಜ್ಜಿ ಕೆನ್ನೆ ಥರ ಇದೆ" ಅಂದರು. ಯಾರಾದರೂ ಮಾಡಿ ಗೊತ್ತಿರುವವರು ಹೇಳಿ.

ದೇರಾದಿಂದ
ದುಬೈಯಲ್ಲಿ ಮೂರು ವರ್ಷ ಫಿಲಿಪಿನೋ ರೂಮ್‌ಮೇಟ್‌ಗಳ ಜೊತೆ ಇದ್ದೆ, ಶುಕ್ರವಾರ ಅಂದರೆ ಅಡುಗೆಮನೆ ಅವರದ್ದೇ. ನಿಮ್ಮ ಮುಖ್ಯ ತಪ್ಪು ಆ ಒಂದು ಗಂಟೆ. ಉಂಡೆ ಮಾಡಿದ ಮೇಲೆ 20ರಿಂದ 30 ನಿಮಿಷ ಸಾಕು, ನಮ್ಮೂರ ಸೆಕೆಯಲ್ಲಿ ಅಷ್ಟೂ ಬೇಡ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಗುಳಿ ನಿಧಾನಕ್ಕೆ ಮೇಲೆ ಬಂದರೆ ಸರಿ, ಬರದೇ ಹಾಗೇ ಉಳಿದರೆ ಹೊತ್ತು ಮೀರಿದೆ. ಹಾಗೆ ಮೀರಿದ ಹಿಟ್ಟಿನೊಳಗೆ ಗಾಳಿ ಜಾಸ್ತಿ, ಅದನ್ನು ಹಿಡಿದಿಡುವ ಶಕ್ತಿ ಕಮ್ಮಿ, ಜೋರು ಹಬೆಗೆ ಉಬ್ಬಿ ಹೊರಗಿನ ತಣ್ಣನೆ ಗಾಳಿ ತಾಗಿದ ಕೂಡಲೇ ಕೂತುಬಿಡುತ್ತದೆ. ಮಧ್ಯಮ ಉರಿ, 15 ನಿಮಿಷ. ಒಲೆ ಆರಿಸಿ ಮುಚ್ಚಳ ಒಂದು ಚೂರು ಓರೆ ಮಾಡಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಒಂದೊಂದರ ಕೆಳಗೂ ಬಟರ್ ಪೇಪರ್ ತುಂಡು ಇಡಿ.

ಆ ರೂಮ್‌ಮೇಟ್‌ಗಳು ಹಬೆಯ ನೀರಿಗೆ ಎರಡು ಚಮಚ ವಿನೆಗರ್ ಹಾಕುತ್ತಿದ್ದರು, ಬನ್ನು ಬೆಳ್ಳಗಾಗಲಿ ಅಂತ.

ಕುಡ್ಲದಕ್ಕ
ವಿನೆಗರ್ ಎಲ್ಲ ಆಮೇಲೆ ಮಾರಾಯ್ರೆ. ಇಡ್ಲಿಗೆ ಸೋಡಾ ಜಾಸ್ತಿ ಬಿದ್ದರೆ ಹಳದಿ ತಿರುಗುವುದಿಲ್ವಾ? ಇದೂ ಅದೇ ಕತೆ. ಬೇಕಿಂಗ್ ಪೌಡರ್‌ನಲ್ಲೂ ಸೋಡಾ ಇದೆ, ಅದು ಸರಿಯಾಗಿ ಕರಗದೆ ನಿಂತ ಕಡೆ ಹಳದಿ ಚುಕ್ಕೆ. 400 ಗ್ರಾಂಗೆ ಒಂದು ಟೀ ಚಮಚ ಧಾರಾಳ, ಮೈದಾ ಜೊತೆ ಎರಡು ಸಲ ಜರಡಿ ಹಿಡಿಯಿರಿ.

ಸುಕ್ಕಿಗೆ ಇನ್ನೊಂದು ಕಾರಣ ಮುಚ್ಚಳದಿಂದ ಬೀಳುವ ನೀರು. ಕಡುಬು ಬೇಯಿಸುವಾಗ ಮುಚ್ಚಳಕ್ಕೆ ಬಟ್ಟೆ ಕಟ್ಟುತ್ತೇವಲ್ಲ, ಹಾಗೆ ಕಟ್ಟಿ, ಗಂಟು ಮೇಲೆ ಬರಲಿ, ಇಲ್ಲದಿದ್ದರೆ ಬಟ್ಟೆ ತುದಿಗೆ ಬೆಂಕಿ ಹತ್ತುತ್ತದೆ (ನನಗೆ ಹತ್ತಿದೆ). ಮತ್ತೆ, ನಮ್ಮ ಮೈದಾದಲ್ಲಿ ಅಂಗಡಿಯ ಆ ಕಾಗದದ ಬಿಳಿ ಬರುವುದು ಕಷ್ಟ, ಕೆನೆ ಬಣ್ಣವೇ ಬರುತ್ತದೆ. ಐದರಲ್ಲಿ ಒಂದು ಪಾಲು ಕಾರ್ನ್‌ಫ್ಲೋರ್ ಬೆರೆಸಿದರೆ ಬನ್ನು ಮೆದು.

ಮಕಾತಿಯಲ್ಲಿದ್ದವ
ಎಲ್ಲರೂ ಹಿಟ್ಟಿನ ಬಗ್ಗೆಯೇ ಮಾತಾಡ್ತಿದ್ದೀರಿ. ಪಂದಿ ಕರಿ ತುಂಬಿದ್ದು ನೋಡಿ ಹೊಟ್ಟೆ ಉರಿಯಿತು ಅಕ್ಕ, ಎರಡೂ ಹಾಳು! ಕಾಚಂಪುಳಿ, ಮೆಣಸಿನ ಖಾರ ಬೇರೆ ರುಚಿ. ನಿಮಗೆ ಬೇಕಿರುವುದು ಅಸಾದೊ. ಭುಜದ ಭಾಗದ ಮಾಂಸ ಅರ್ಧ ಕೆಜಿ, ಸ್ವಲ್ಪ ನೆಣ ಇರಲಿ. ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ ಮಾಂಸ ಹಾಕಿ, ಕಾಲು ಕಪ್ ಸೋಯಾ ಸಾಸ್, ಮೂರು ದೊಡ್ಡ ಚಮಚ ಸಕ್ಕರೆ, ಒಂದು ಚಕ್ರಮೊಗ್ಗು, ಎರಡು ಕಪ್ ನೀರು. ಸಣ್ಣ ಉರಿಯಲ್ಲಿ ಒಂದು ಗಂಟೆ ಮೇಲೆ, ಫೋರ್ಕ್ ತಾಗಿಸಿದರೆ ಎಳೆ ಎಳೆ ಬಿಡಬೇಕು. ಒಂದಿಷ್ಟು ರಸ ಸಾಸ್‌ಗೆ ಅಂತ ತೆಗೆದಿಟ್ಟು, ಉಳಿದಿದ್ದಕ್ಕೆ ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್ ಹಾಕಿ, ಚಮಚ ತಿರುವಿ ಹಿಡಿದರೂ ಬೀಳದಷ್ಟು ಗಟ್ಟಿ ಮಾಡಿ. ಫ್ರಿಜ್‌ನಲ್ಲಿ ಪೂರ್ತಿ ತಣ್ಣಗಾಗಲಿ, ಬಿಸಿ ತುಂಬಿದರೆ ಹಿಟ್ಟು ಹರಿದುಹೋಗುತ್ತದೆ. 60 ಗ್ರಾಂ ಹಿಟ್ಟಿಗೆ ಒಂದು ದೊಡ್ಡ ಚಮಚ. ಲಟ್ಟಿಸುವಾಗ ಅಂಚು ತೆಳ್ಳಗೆ, ನಡು ದಪ್ಪ, ಮೋದಕದ ಥರ ನೆರಿಗೆ ಹಿಡಿದು ಮುಚ್ಚಿ.

ಇನ್ನೊಂದು ಬಗೆ ಬೋಲಾ-ಬೋಲಾ, ಕೈಮಾ ಉಂಡೆ, ಜೊತೆಗೆ ಉಪ್ಪಿನಲ್ಲಿ ನೆನೆದ ಬಾತುಕೋಳಿ ಮೊಟ್ಟೆ ಚೂರು. ಮಜಾ ಏನಂದರೆ ಸಿಯೋಪಾವ್ ಅನ್ನುವುದು ಚೀನಾದ ಹೊಕ್ಕಿಯೆನ್ ಮಾತಿನಿಂದ ಬಂದದ್ದು, ಅಸಾದೊ ಸ್ಪ್ಯಾನಿಷ್. ಮನಿಲಾದ ಬಿನೊಂದೊದಲ್ಲಿ 1594ರಿಂದ ಚೀನೀಯರ ಕೇರಿ ಇದೆ. 1918ರಲ್ಲಿ ಕ್ಯಾಂಟನ್ ಕಡೆಯಿಂದ ಬಂದ ಮಾ ಮೋನ್ ಲುಕ್ ಅನ್ನುವವರು ಮಾಮಿ ನೂಡಲ್ಸ್ ಜೊತೆ ಇದನ್ನೂ ಮನಿಲಾದಲ್ಲಿ ಮನೆಮಾತು ಮಾಡಿದರು. ಸಿಯೋಪಾವ್ ಒಳಗಿರುವುದು ಬೆಕ್ಕಿನ ಮಾಂಸ ಅಂತ ಅಲ್ಲಿ ಹಳೇ ತಮಾಷೆ, ಆಫೀಸಿಗೆ ಹೊಸದಾಗಿ ಸೇರಿದ ನನಗೆ ಮೊದಲ ದಿನವೇ ಹೇಳಿ, ನಾನು ಅಗಿಯುವುದು ನಿಲ್ಲಿಸಿದ್ದು ನೋಡಿ ಎಲ್ಲರೂ ನಕ್ಕರು.

ಬರೀಕೋಳಿ
ಹಂದಿ ತಿನ್ನಲ್ಲ, ಚಿಕನ್ ಹಾಕಬಹುದಾ?

ಮಕಾತಿಯಲ್ಲಿದ್ದವ
ಧಾರಾಳವಾಗಿ. ತೊಡೆ ಭಾಗ ತಗೊಳ್ಳಿ, ಎದೆ ಮಾಂಸ ಒಣ ಒಣ. ಅರ್ಧ ಗಂಟೆಗೇ ಬೇಯುತ್ತದೆ.

ಮಡಿಕೇರಿಮಳೆ
ನಿನ್ನೆ ಮತ್ತೆ ಮಾಡಿದೆ. 12 ಬನ್ನು, ಮೂರು ಸಲ ಬೇಯಿಸಿದೆ. ಮೊದಲನೆಯದು ವಿನೆಗರ್ ಇಲ್ಲದೆ, ಎರಡನೆಯದು ವಿನೆಗರ್ ಹಾಕಿ, ಪಕ್ಕಪಕ್ಕ ಇಟ್ಟು ನೋಡಿದರೆ ಕೂದಲೆಳೆ ವ್ಯತ್ಯಾಸ, ಅಡುಗೆಮನೆ ಮಾತ್ರ ಉಪ್ಪಿನಕಾಯಿ ಜಾಡಿ ವಾಸನೆ. ಎರಡಕ್ಕೂ ಚುಕ್ಕೆ ಇಲ್ಲ, ಸುಕ್ಕೂ ಇಲ್ಲ. ಮೂರನೆಯದಕ್ಕೆ ತಮ್ಮ "ಆಯ್ತಾ?" ಅಂತ ಎಂಟನೇ ನಿಮಿಷಕ್ಕೇ ಮುಚ್ಚಳ ಎತ್ತಿದ, ನಾಲ್ಕೂ ಚಪ್ಪಟೆ. ಅವನಿಗೇ ತಿನ್ನಿಸಿದೆ.

ಅಸಾದೊ ರುಚಿ ಬಾಯಿಗಿಟ್ಟ ಕೂಡಲೇ ದಾವಾವ್ ನೆನಪಾಯಿತು, ಆದರೆ ಅಂಗಡಿಯಲ್ಲಿ ಇನ್ನೂ ಸ್ವಲ್ಪ ಸಿಹಿ. ಅಪ್ಪ ಸಾಸ್ ಮುಟ್ಟಲಿಲ್ಲ, ಪಂದಿ ಕರಿಯಲ್ಲಿ ಅದ್ದಿ ಮೂರು ತಿಂದರು. ಮಕಾತಿಯವರು ಕ್ಷಮಿಸಬೇಕು.