ಅಪ್‌ಡೇಟ್: ಜೋರ್ಡನ್ 1986 ಫ್ಲೀರ್ ಕಾರ್ಡ್ ಅಸಲಿಯೇ?

ಕೇಳಿದ್ದು ಇಷ್ಟೇ: ಕೈಗೆ ಬಂದಿರುವ, ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅವರ 1986-87ರ ಫ್ಲೀರ್ ಕಂಪನಿಯ ಸಂಗ್ರಹದ ಕಾರ್ಡ್, 132 ಕಾರ್ಡ್‌ಗಳ ಸೆಟ್‌ನ 57ನೆಯದು, ಗ್ರೇಡಿಂಗ್‌ಗೆ (ಅಸಲಿಯೇ ಎಂದು ನೋಡಿ, ಸ್ಥಿತಿಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಸೇವೆ) ಕಳಿಸಬಹುದೇ ಎಂದು. ಉತ್ತರ: ಬೇಡ. ಅದು ನಕಲಿ.

ಸಿಕ್ಕಿಬಿದ್ದದ್ದು ಅಕ್ಷರಗಳಲ್ಲಿ. ಆ ಕಾಲದ ಆಫ್‌ಸೆಟ್ ಮುದ್ರಣದಲ್ಲಿ ಫೋಟೊ ಮಾತ್ರ ಬಣ್ಣದ ಚುಕ್ಕಿಗಳಿಂದ ಕೂಡಿರುತ್ತದೆ. ಹೆಸರಿನ ಕಪ್ಪು ಅಕ್ಷರ ಗಟ್ಟಿ ಶಾಯಿಯದು, ಅಂಚು ಚೂಪು. 30 ಪಟ್ಟು ದೊಡ್ಡದು ಮಾಡುವ ಲೂಪ್‌ನಡಿ ಇಟ್ಟರೆ ಇಲ್ಲಿ ಅಕ್ಷರದೊಳಗೂ ಚುಕ್ಕಿ, ಅಂಚೆಲ್ಲ ಮಸುಕು. ಅಸಲಿ ಕಾರ್ಡನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಹೀಗೇ ಆಗುವುದು. ಅದೇ ಸೆಟ್‌ನ ಬೇರೊಬ್ಬ ಆಟಗಾರನ ಅಗ್ಗದ ಕಾರ್ಡೊಂದನ್ನು ಪಕ್ಕಕ್ಕಿಟ್ಟು ನೋಡಿ, ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಅಳತೆ ಮಾತ್ರ ಸರಿಯಿತ್ತು, 63.5 × 88.9 ಮಿ.ಮೀ. ಅಳತೆ ಸರಿ ಎಂದಾಕ್ಷಣ ಅಸಲಿ ಆಗದು. ಆದರೆ ಕಡಿಮೆ ಬಂದರೆ ಅಂಚು ಕತ್ತರಿಸಿರುವ ಅನುಮಾನ ಪಡಬೇಕು. ಈ ಕಾರ್ಡ್‌ನ ಬಣ್ಣದ ಅಂಚು ಬೇಗ ಚಕ್ಕೆ ಏಳುವುದರಿಂದ ಸವೆದ ಮೂಲೆಯನ್ನು ಕತ್ತರಿಸಿ ಮುಚ್ಚುವ ಆಸೆ ಹೆಚ್ಚು.

ಮುಂದಿನದನ್ನು ಕೊಳ್ಳುವುದು ಗ್ರೇಡ್ ಆದದ್ದನ್ನೇ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಗ್ರೇಡಿಂಗ್ ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಹೋಲಿಸಬೇಕು. ಡಬ್ಬಿಗಳೂ ನಕಲಿಯಾಗುತ್ತವೆ, ಅಸಲಿ ಸಂಖ್ಯೆಯನ್ನೇ ಕದ್ದು!