ಇಟಲಿಯ ಸೆಂಟಿನ ಐದು ಕುಪ್ಪಿ: ಮೂರನೆಯದಕ್ಕೆ ನುಸಿಗುಳಿಗೆಯ ವಾಸನೆ, ಹಾಳಾಗಿದೆಯಾ?

ಪೆರ್ಲದ_ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಪೆರ್ಲದ ಹತ್ತಿರ. ಅಡಿಕೆ ತೋಟ, ಎರಡು ದನ, ನಾನು, ನಮ್ಮವರು. ಸೆಂಟಿನ ವಿಷಯ ನನಗೆ ಹೆಚ್ಚು ಗೊತ್ತಿಲ್ಲ, ಗೊತ್ತಿದ್ದವರು ಹೇಳಿ.

ಈ ಮೇ ತಿಂಗಳಿಗೆ ನಮ್ಮ ಮದುವೆಯಾಗಿ 30 ವರ್ಷ. ನಾದಿನಿಯ ಮಗಳು ಇಟಲಿಯಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದವಳು "ಅತ್ತೆ, ಇದು ನಿಮಗೆ ಮತ್ತು ಮಾವನಿಗೆ" ಎಂದು ಒಂದು ಪೆಟ್ಟಿಗೆ ಕೊಟ್ಟಳು. ಕನ್ನಡಕದ ಪೆಟ್ಟಿಗೆಯಷ್ಟೇ ದೊಡ್ಡದು. ಒಳಗೆ ಹತ್ತಿಯ ಮೇಲೆ ಐದು ಗಾಜಿನ ಕುಪ್ಪಿ, ಒಂದೊಂದು ನನ್ನ ಕಿರುಬೆರಳಿನಷ್ಟು. ಫ್ಲಾರೆನ್ಸಿನ ಒಂದು ಗಲ್ಲಿಯಲ್ಲಿ ಒಬ್ಬರೇ ಕೂತು ಕೈಯಲ್ಲೇ ಬೆರೆಸಿ ಮಾಡುವುದಂತೆ. ಪ್ರತಿಯೊಂದಕ್ಕೂ ಪ್ರೀತಿಯ ಒಂದು ಹಂತದ ಹೆಸರು ಇಟ್ಟಿದ್ದಾರೆ. ಅರ್ಥವನ್ನು ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ. ಇನ್‌ಕೊಂತ್ರೊ ಅಂದರೆ ಭೇಟಿ. ಅತ್ತೇಸ ಅಂದರೆ ಕಾಯುವುದು. ಬಾಚೊ ಅಂದರೆ ಮುತ್ತು. ಜೆಲೊಸೀಯ ಅಂದರೆ ಹೊಟ್ಟೆಕಿಚ್ಚು. ರಿಕೊರ್ದೊ ಅಂದರೆ ನೆನಪು.

ಮೊನ್ನೆ ಐದನ್ನೂ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಹಚ್ಚಿ ನೋಡಿದೆ. ಮೊದಲನೆಯದು ಕಂಚಿಹುಳಿಯ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದ ಹಾಗೆ. ಎಷ್ಟು ಚಂದ! ಆದರೆ ಒಂದು ದನದ ಹಾಲು ಕರೆದು ಏಳುವಾಗ ಅದು ಇಲ್ಲವೇ ಇಲ್ಲ. ಎರಡನೆಯದು ತಣ್ಣಗಿನ ಮಣ್ಣು, ಹಸಿ ಕ್ಯಾರೆಟ್ ಕತ್ತರಿಸಿದ ಹಾಗೆ. ಮೂರನೆಯದು ಕುಪ್ಪಿಯಲ್ಲಿ ಮಲ್ಲಿಗೆ, ಕೈಗೆ ಹಚ್ಚಿದರೆ ನುಸಿಗುಳಿಗೆ! ನಮ್ಮ ಅತ್ತೆಯ ಪಟ್ಟೆಸೀರೆಯ ಪೆಟ್ಟಿಗೆಯೇ ನೆನಪಾಯಿತು. ನಾಲ್ಕನೆಯದರಲ್ಲಿ ಚರ್ಮ, ಹೊಗೆಸೊಪ್ಪು. ಅದು ನನಗೆ ಆಗಲಿಲ್ಲ. ಐದನೆಯದು ಪೂಜೆ ಮುಗಿದ ಮರುದಿನದ ಚಾವಡಿಯ ಹಾಗೆ, ಧೂಪದ ಹೊಗೆ ಗೋಡೆಯಲ್ಲಿ ಉಳಿದಿರುತ್ತದಲ್ವಾ, ಹಾಗೆ.

ಮೂರನೆಯದು ಹಾಳಾಗಿದೆಯಾ? ಮೊದಲನೆಯದು ಯಾಕೆ ಅಷ್ಟು ಬೇಗ ಹೋಯಿತು? ನಮ್ಮ ಈ ಬೆವರಿಗೆ, ಸೆಕೆಗೆ ಇವನ್ನು ಹಾಕುವುದು ಹೇಗೆ?

ಇನ್ನೂ ಒಂದು ಕೇಳಬೇಕು. ಹೆಸರು ಇಟ್ಟವರು ಸುಮ್ನೆ ಇಟ್ಟಿರಲಿಕ್ಕಿಲ್ಲ. ಕಾಯುವುದಕ್ಕೆ ಮಣ್ಣಿನ ವಾಸನೆ ಯಾಕೆ? ನಾನು ಕಾದವಳು. ನಮ್ಮವರು 1996ರಿಂದ 2004ರವರೆಗೆ ಬಹ್ರೈನಿನಲ್ಲಿದ್ದರು. ನಾನು ಕಾದದ್ದಕ್ಕೆ ಸೀಮೆಎಣ್ಣೆ ದೀಪದ ವಾಸನೆ ಇತ್ತು, ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ ಇತ್ತು. ಕ್ಯಾರೆಟ್ ಅಂತೂ ಇರಲಿಲ್ಲ. ತಿಳಿದವರು ಹೇಳಿದರೆ ತುಂಬ ಸಂತೋಷ.

ಕುಂಬಳೆ_ಅತ್ತರ್

ಅಕ್ಕ, ನಾನು ದುಬೈಯ ದೇರಾದಲ್ಲಿ 19 ವರ್ಷ ಸೆಂಟಿನ ಅಂಗಡಿಯಲ್ಲಿದ್ದೆ. ಈಗ ಊರಲ್ಲಿ ಸಣ್ಣ ಅತ್ತರ್ ಅಂಗಡಿ ಉಂಟು.

ಮೂರನೆಯದು ಹಾಳಾಗಿಲ್ಲ, ಬಿಸಾಡಬೇಡಿ. ಮಲ್ಲಿಗೆ ಹೂವಿನ ಒಳಗೇ ಇಂಡೋಲ್ ಅನ್ನುವುದು ಉಂಟು. ಸ್ವಲ್ಪ ಇದ್ದರೆ ಹೂವಿನ ಕಂಪು, ಜಾಸ್ತಿಯಾದರೆ ನುಸಿಗುಳಿಗೆ. ರಾತ್ರಿ ಮುಡಿದ ಮಲ್ಲಿಗೆ ಬೆಳಿಗ್ಗೆ ದಿಂಬಿನ ಪಕ್ಕ ಕಂದಿ ಬಿದ್ದಿರುತ್ತದಲ್ವಾ? ಅದನ್ನು ಮೂಸಿ ನೋಡಿ, ಇದೇ ವಾಸನೆ ಸಿಗುತ್ತದೆ. ಮಲ್ಲಿಗೆಯ ಹೆಸರಲ್ಲಿ ಅಗ್ಗಕ್ಕೆ ಮಾಡುವವರು ಇದನ್ನು ತೆಗೆದು ಸಾಬೂನಿನ ಹಾಗೆ ಸಿಹಿ ಮಾಡುತ್ತಾರೆ. ನಿಮ್ಮ ಕುಪ್ಪಿ ಮಾಡಿದವರು ಅದನ್ನು ತೆಗೆಯದೆ ಹಾಗೇ ಇಟ್ಟಿದ್ದಾರೆ ಅಂದರೆ ಅವರಿಗೆ ಹೂವು ಗೊತ್ತುಂಟು. ಹಚ್ಚಿ ಅರ್ಧ ಗಂಟೆ ಕಾಯಿರಿ, ಮಲ್ಲಿಗೆ ತಿರುಗಿ ಬರುತ್ತದೆ.

ಮೊದಲನೆಯದರಲ್ಲಿ ಇರುವುದು ಬೆರ್ಗಮಾಟ್ ಇರಬೇಕು. ಇಟಲಿಯ ತುದಿಯಲ್ಲಿ ಕಲಾಬ್ರಿಯ ಅಂತ ಉಂಟು. ಅಲ್ಲಿ ರೆಜ್ಜೊ ಸುತ್ತಿನ ಕಡಲಕರೆಯಲ್ಲಿ ಬೆಳೆಯುವ ಹುಳಿಹಣ್ಣು ಅದು. ಲೋಕದ ಹೆಚ್ಚಿನ ಬೆರ್ಗಮಾಟ್ ಎಣ್ಣೆ ಅಲ್ಲಿಂದಲೇ ಬರುವುದು. ಹಣ್ಣು ತಿನ್ನಲಿಕ್ಕಾಗದಷ್ಟು ಹುಳಿ, ಬೆಲೆ ಇರುವುದು ಸಿಪ್ಪೆಗೆ. ಸಿಪ್ಪೆಯ ಎಣ್ಣೆ ಹಗುರ, ಬೇಗ ಹಾರುತ್ತದೆ. ಅದರ ಹಿಂದೆ ಹೂವು ಬರುತ್ತದೆ, ಕೊನೆಗೆ ಮರ, ಅಂಟು, ಧೂಪ ಉಳಿಯುತ್ತವೆ. ಎಲ್ಲ ಒಳ್ಳೆ ಸೆಂಟಿನ ಕ್ರಮ ಇದು. ನನ್ನನ್ನು ಕೇಳಿದರೆ ಚೀಟಿಯಲ್ಲಿರುವ ಹೆಸರು ನೋಡಬೇಡಿ ಎಂದೇ ಹೇಳುತ್ತೇನೆ. ಒಂದೇ ಕುಪ್ಪಿಯಲ್ಲಿ ಬೆಳಿಗ್ಗೆ ಭೇಟಿ ಉಂಟು, ಸಂಜೆಗೆ ನೆನಪೂ ಉಂಟು. ಐದನ್ನೂ ಒಂದೇ ಸಲ ಮೂಸಿದರೆ ಐದು ಮದುವೆಮನೆಗೆ ಒಂದೇ ಮಧ್ಯಾಹ್ನ ಹೋಗಿಬಂದ ಹಾಗೆ, ಯಾವ ಊಟವೂ ನೆನಪಿರುವುದಿಲ್ಲ. ದಿನಕ್ಕೆ ಒಂದೇ ಹಚ್ಚಿ. ರಾತ್ರಿವರೆಗೆ ಜೊತೆಯಲ್ಲಿರಿ.

ನಮ್ಮ ಸೆಕೆಗೆ ಹನಿ ಕಡಿಮೆ ಸಾಕು, ಮೈ ಬಿಸಿಗೆ ವಾಸನೆ ತಾನಾಗಿ ಏಳುತ್ತದೆ. ಮಿಂದು ಒರೆಸಿದ ಮೇಲೆ ಮೊಣಕೈಯ ಒಳಬದಿಗೆ ಒಂದು ಹನಿ. ಉಜ್ಜಬಾರದು. ಬಾಕಿ ಹತ್ತಿಸೀರೆಯ ಒಳಸೆರಗಿಗೆ ಹಾಕಿ, ಆದರೆ ಕಲೆ ಆಗುತ್ತದಾ ಅಂತ ಮೂಲೆಯಲ್ಲಿ ಮೊದಲು ನೋಡಿ. ಮೊದಲನೆಯದನ್ನು ಹಚ್ಚಿಕೊಂಡು ಅಂಗಳದ ಬಿಸಿಲಲ್ಲಿ ಅಡಿಕೆ ಹರಡಲಿಕ್ಕೆ ಹೋಗಬೇಡಿ. ಬೆರ್ಗಮಾಟ್ ಎಣ್ಣೆ ಇರುವ ಚರ್ಮಕ್ಕೆ ಬಿಸಿಲು ಬಿದ್ದರೆ ಕಪ್ಪು ಕಲೆ ಆಗಬಹುದು. ದೊಡ್ಡ ಕಂಪನಿಯವರು ಹೆಚ್ಚಾಗಿ ಆ ಅಂಶ ತೆಗೆದ ಎಣ್ಣೆ ಹಾಕುತ್ತಾರೆ. ಕೈಯಲ್ಲಿ ಮಾಡಿದ್ದರಲ್ಲಿ ಯಾವುದು ಉಂಟು ಅಂತ ಕುಪ್ಪಿ ನೋಡಿದರೆ ತಿಳಿಯುವುದಿಲ್ಲ.

ನೀವು ಬಹ್ರೈನ್ ಅಂದದ್ದಕ್ಕೆ ಒಂದು ಮಾತು. ಫಾರಿನಾ ಅಂತ ಒಬ್ಬ ಇಟಲಿಯವ ಜರ್ಮನಿಯ ಕಲೋನ್ ಊರಿಗೆ ದುಡಿಯಲಿಕ್ಕೆ ಹೋಗಿದ್ದ. ನಾವು ಕೊಲೋನ್ ಅನ್ನುತ್ತೇವಲ್ಲ, ಆ ಹೆಸರು ಬಂದದ್ದು ಅವನ ಸೆಂಟಿನಿಂದ. 1708ರಲ್ಲಿ ಸಹೋದರನಿಗೆ ಕಾಗದ ಬರೆದ, ತಾನು ಮಾಡಿದ ಕಂಪು ಇಟಲಿಯಲ್ಲಿ ಮಳೆ ಬಂದು ನಿಂತ ಬೆಳಗನ್ನು ನೆನಪಿಸುತ್ತದೆ ಅಂತ. 1709ರಲ್ಲಿ ಶುರುವಾದ ಅವರ ಮನೆತನದ ಅಂಗಡಿ ಈಗಲೂ ಉಂಟು. ಪರದೇಶದಲ್ಲಿ ದುಡಿದವನಿಗೆ ಆ ಕಾಗದ ಎಂತದ್ದು ಅಂತ ಅರ್ಥ ಆಗುತ್ತದೆ. ದೇರಾದಲ್ಲಿ ನನ್ನ ಕೋಣೆಯವನೊಬ್ಬ ಊರಿನಿಂದ ತಂದ ಹಿಂಗಾರದ ಎಸಳನ್ನು ಒಣಗಿದ ಮೇಲೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ.

ಮಂಜೇಶ್ವರದ_ಹುಡುಗಿ

ಅಕ್ಕಾ, ಎರಡನೆಯ ಕುಪ್ಪಿಯ ಬಗ್ಗೆ ನಾನು ಹೇಳುತ್ತೇನೆ! ನಾನು ನಾಲ್ಕು ವರ್ಷದಿಂದ ಫ್ಲಾರೆನ್ಸಿನ ಹೊರಗೆ ಇದ್ದೇನೆ, ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ.

ತಣ್ಣಗಿನ ಮಣ್ಣು, ಹಸಿ ಕ್ಯಾರೆಟ್ ಅಂದಿರಲ್ಲ, ಅದು ಐರಿಸ್. ಹೂವಲ್ಲ, ಗಡ್ಡೆ. ಇಲ್ಲಿಯವರು ಜಜ್ಜೋಲೊ ಎನ್ನುತ್ತಾರೆ. ಮೇ ತಿಂಗಳಲ್ಲಿ ಕಿಯಾಂತಿ ಕಡೆಯ ಗುಡ್ಡಗಳಲ್ಲಿ ಆಲಿವ್ ಮರಗಳ ನಡುವೆ ನಸುನೀಲಿ ಹೂ ಬಿಡುತ್ತದೆ. ಸಾನ್ ಪೋಲೊ ಅನ್ನುವ ಊರಲ್ಲಿ ಅದರದ್ದೇ ಹಬ್ಬ ಮಾಡುತ್ತಾರೆ. ಸೆಂಟಿಗೆ ಬೇಕಾದದ್ದು ಮಣ್ಣಿನೊಳಗೆ ಇರುತ್ತದೆ. ನಮ್ಮ ಅರಿಶಿನದ ಕೊಂಬಿನ ಹಾಗೆಯೇ ಕಾಣುತ್ತದೆ, ಒಳಗೆ ಬಿಳಿ.

ನಾನು ನೋಡಿಕೊಳ್ಳುವ ಅಜ್ಜಿ ಸಣ್ಣವಳಿದ್ದಾಗ ಈ ಕೆಲಸ ಮಾಡಿದವರು. ಬೇಸಿಗೆಯಲ್ಲಿ ಗಡ್ಡೆ ಅಗೆಯುವುದು, ನೀರಲ್ಲಿ ಹಾಕುವುದು, ಹೆಂಗಸರೆಲ್ಲ ಸುತ್ತ ಕೂತು ಬಾಗಿದ ಸಣ್ಣ ಕತ್ತಿಯಲ್ಲಿ ಸಿಪ್ಪೆ ತೆಗೆಯುವುದು. ಅವರ ಹೆಬ್ಬೆರಳಿನ ಒಳಬದಿಯಲ್ಲಿ ಈಗಲೂ ಅದರ ಗೆರೆ ಉಂಟು. ನನ್ನ ಕೈ ಹಿಡಿದು ಮುಟ್ಟಿಸಿ ತೋರಿಸಿದರು. ನಮ್ಮಲ್ಲಿ ಅಡಿಕೆ ಸುಲಿಯುವವರ ಕೈ ನೋಡಿದವರಿಗೆ ಅದು ಗೊತ್ತಾಗುತ್ತದೆ.

ಈಗ ನೀವು ಕೇಳಿದ್ದಕ್ಕೆ ಉತ್ತರ. ಅಗೆದ ದಿನ ಆ ಗಡ್ಡೆಗೆ ಆ ಕಂಪು ಇರುವುದೇ ಇಲ್ಲ. ಹಳೆಯ ಕ್ರಮದಲ್ಲಿ ಸುಮಾರು ಮೂರು ವರ್ಷ ಮಣ್ಣಿನಲ್ಲಿ ಬೆಳೆಯಬೇಕು, ಅಗೆದು ಒಣಗಿಸಿದ ಮೇಲೆ ಇನ್ನೂ ಮೂರು ವರ್ಷ ಸುಮ್ನೆ ಇಡಬೇಕು. ಗಾಳಿ ತಾಗಿ ತಾಗಿ ನಿಧಾನಕ್ಕೆ ಒಳಗೆ ಐರೋನ್ ಅನ್ನುವುದು ಹುಟ್ಟುತ್ತದೆ. ಕಂಪು ಅದರದ್ದು. ಅವಸರ ಮಾಡಿದರೆ ಸಿಗುವುದಿಲ್ಲ. ಅದಕ್ಕೇ ಅದರ ಎಣ್ಣೆಗೆ ಕಿಲೋಗೆ ಲಕ್ಷಗಟ್ಟಲೆ ರೂಪಾಯಿ. ಕಾಯುವುದಕ್ಕೆ ಹೆಸರಿಟ್ಟವರು ಈ ಗಡ್ಡೆಯನ್ನು ಬಿಟ್ಟು ಬೇರೆ ಯಾವುದನ್ನು ಹಾಕಬೇಕಿತ್ತು ಹೇಳಿ? ಹಿಂದೆ ಇದರ ಪುಡಿಯನ್ನು ಬಟ್ಟೆಯ ಪೆಟ್ಟಿಗೆಗೆ ಹಾಕುತ್ತಿದ್ದರು, ಮುಖದ ಪೌಡರಿಗೂ ಸೇರಿಸುತ್ತಿದ್ದರು.

ಇಲ್ಲಿ ಸಾಂತಾ ಮರಿಯಾ ನೊವೆಲ್ಲಾ ಅಂತ ಇಗರ್ಜಿಯ ಪಕ್ಕ ಹಳೇ ಸೆಂಟಿನ ಅಂಗಡಿ ಉಂಟು. ಸನ್ಯಾಸಿಗಳು ಔಷಧಿಗೆ ಅಂತ ಶುರು ಮಾಡಿ 1612ರಲ್ಲಿ ಊರವರಿಗೆ ತೆರೆದದ್ದು. ನಿಮ್ಮ ನಾದಿನಿಯ ಮಗಳು ನೋಡಿರದಿದ್ದರೆ ಒಮ್ಮೆ ಹೋಗಲಿಕ್ಕೆ ಹೇಳಿ. ಕೊಳ್ಳಬೇಕೆಂದಿಲ್ಲ, ಒಳಗೆ ಹೋಗಿ ಉಸಿರೆಳೆದರೆ ಸಾಕು.

ಸಾಹೇಬ್ರೇ, ಹೆಸರು ನೋಡಬೇಡಿ ಅಂದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನೀರ್ಚಾಲಿನ_ಮೇಷ್ಟ್ರು

ತಂಗೀ, ಪ್ರೀತಿಗೂ ಕಂಪಿಗೂ ಗಂಟು ಹಾಕಿದ್ದು ನಮ್ಮವರಿಗೂ ಹೊಸತಲ್ಲ. ಮನ್ಮಥನ ಐದು ಬಾಣವೂ ಹೂವೇ: ತಾವರೆ, ಅಶೋಕ, ಮಾವಿನ ಹೂ, ಮಲ್ಲಿಗೆ, ನೈದಿಲೆ. ನಿಮ್ಮ ಮೂರನೆಯ ಕುಪ್ಪಿ ಅಲ್ಲೇ ಉಂಟು ನೋಡಿ. ಮಾವು ಹೂ ಬಿಟ್ಟ ಜನವರಿ ಬೆಳಿಗ್ಗೆ ಬದಿಯಡ್ಕದ ರಸ್ತೆಯಲ್ಲಿ ನಡೆದವರಿಗೆ ಅದನ್ನು ಬಾಣ ಅಂದದ್ದು ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಂತಗಳನ್ನೂ ಎಣಿಸಿದ್ದಾರೆ, ಹತ್ತು. ಅಭಿಲಾಷೆಯಿಂದ ಶುರು, ಮರಣದಲ್ಲಿ ಕೊನೆ. ಇಟಲಿಯವರು ನೆನಪನ್ನು ಕಡೆಗೆ ಇಟ್ಟಿದ್ದಾರೆ, ನಮ್ಮಲ್ಲಿ ಸ್ಮೃತಿ ಮೂರನೆಯದು. ಯಾಕೆಂದರೆ ಆ ಹತ್ತೂ ದೂರ ಇರುವವರ ಅವಸ್ಥೆಗಳು. ದೂರ ಇದ್ದವರಿಗೆ ನೆನಪು ಬೇಗ ಬರಬೇಕಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಆ ಎಂಟು ವರ್ಷ ಎಲ್ಲವೂ ಎರಡನೆಯ ಕುಪ್ಪಿಯೇ. ಮದುವೆಗೆ 30 ವರ್ಷ ತುಂಬುವ ಆ ದಿನಕ್ಕೆ ಅದನ್ನೇ ಹಚ್ಚಿ ಎಂದು ನನ್ನ ಅಭಿಪ್ರಾಯ.

ಪೆರ್ಲದ_ಅಕ್ಕ

ಎಲ್ಲರಿಗೂ ತುಂಬ ಉಪಕಾರ. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ.

ಸಾಹೇಬ್ರು ಹೇಳಿದ ಹಾಗೆ ದಿನಕ್ಕೊಂದು ಹಚ್ಚಿದೆ. ಮೂರನೆಯದು ನಿಜವಾಗಿಯೂ ಅರ್ಧ ಗಂಟೆಗೆ ಮಲ್ಲಿಗೆಯಾಯಿತು, ಮಧ್ಯಾಹ್ನದವರೆಗೆ ಇತ್ತು. ಎರಡನೆಯದನ್ನು ಗುರುವಾರ ಬೆಳಿಗ್ಗೆ ಏಳಕ್ಕೆ ಹಚ್ಚಿದೆ. ಮೊದಲು ಅದೇ ಕ್ಯಾರೆಟ್, ಅದೇ ತಣ್ಣಗೆ. ಬೇಸರವಾಗಿ ಮರೆತುಬಿಟ್ಟೆ. ಹತ್ತೂವರೆ ಹೊತ್ತಿಗೆ ಅನ್ನ ಬಸಿಯುತ್ತಿದ್ದೆ. ನಮ್ಮವರು ತೋಟದಿಂದ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ನೀರು ಕೇಳಲಿಕ್ಕೆ ಅಂದುಕೊಂಡೆ. "ಇದು ನಿನ್ನ ಕಾಗದದ ವಾಸನೆ ಅಲ್ವಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಯಾವ ಕಾಗದ ಎಂದೆ. ಬಹ್ರೈನಿಗೆ ಬರೆಯುತ್ತಿದ್ದದ್ದು, ನೀಲಿ ಏರೋಗ್ರಾಮ್. ಅಂಚು ಹರಿದು ಬಿಡಿಸುವಾಗ ಪೌಡರಿನ ವಾಸನೆ ಬರುತ್ತಿತ್ತಂತೆ. ಎರಡು ದಿನಕ್ಕೆ ಹೋಗಿಬಿಡುತ್ತಿತ್ತಂತೆ. ಅದಕ್ಕೆ ಮೊದಲ ದಿನ ಓದದೆ ಸುಮ್ಮನೆ ಮಡಚಿ ಇಟ್ಟುಕೊಳ್ಳುತ್ತಿದ್ದರಂತೆ.

ನಾನು ಬರೆಯುತ್ತಿದ್ದದ್ದು ಸಂಜೆ. ಮಿಂದು, ಪೌಡರ್ ಹಾಕಿ, ಮಗ ನಿದ್ದೆ ಮಾಡಿದ ಮೇಲೆ ದೀಪ ಹತ್ತಿರ ಎಳೆದುಕೊಂಡು. ಕೈಯಲ್ಲಿದ್ದ ಪೌಡರ್ ಕಾಗದಕ್ಕೆ ತಾಗುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ನನಗೆ ಸೀಮೆಎಣ್ಣೆಯ ವಾಸನೆ, ಅವರಿಗೆ ಪೌಡರಿನ ವಾಸನೆ. ಇಷ್ಟು ವರ್ಷ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಊಟ ಆದ ಮೇಲೆ ಅವರೇ ಅಟ್ಟ ಹತ್ತಿ ತಗಡಿನ ಪೆಟ್ಟಿಗೆ ಇಳಿಸಿದರು. ಕಾಗದ ಎಲ್ಲ ಉಂಟು, ಗೋಣಿ ದಾರದಲ್ಲಿ ಕಟ್ಟಿದ್ದು. ಮೂಸಿದರೆ ಹಳೇ ಕಾಗದದ ವಾಸನೆ, ಜಿರಳೆಯದ್ದು, ಅಷ್ಟೇ.

ಸಾಹೇಬ್ರೇ, ಆ ಕಾಗದಗಳಿಗೆ ಎರಡನೆಯ ಕುಪ್ಪಿಯ ಒಂದೊಂದು ಹನಿ ಹಾಕಿದರೆ ತೊಂದರೆ ಉಂಟಾ? ಬಾಲ್‌ಪೆನ್ನಿನಲ್ಲಿ ಬರೆದದ್ದು. ಕುಪ್ಪಿಯಲ್ಲಿ ಇನ್ನು ಮುಕ್ಕಾಲು ಉಂಟು.

ಕುಂಬಳೆ_ಅತ್ತರ್

ಅಕ್ಕ, ಕಾಗದದ ಮೇಲೆ ಹಾಕಬೇಡಿ! ಅದರಲ್ಲಿ ಆಲ್ಕೋಹಾಲ್ ಉಂಟು, ಬಾಲ್‌ಪೆನ್ನಿನ ಶಾಯಿ ಹರಡಿ ಅಕ್ಷರ ಹೋಗುತ್ತದೆ. ಬಿಳಿ ಹತ್ತಿಬಟ್ಟೆಯ ತುಂಡಿಗೆ ಮೂರು ಹನಿ ಹಾಕಿ ಒಂದು ರಾತ್ರಿ ಗಾಳಿಗೆ ಇಡಿ, ಪೂರ್ತಿ ಒಣಗಲಿ. ಆಮೇಲೆ ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಗೆ ಇಡಿ, ಕಾಗದಕ್ಕೆ ನೇರ ತಾಗಬಾರದು. ಜೊತೆಗೆ ಒಂದು ಹಿಡಿ ಒಣ ಲಾವಂಚ ಹಾಕಿದರೆ ಜಿರಳೆಯ ವಾಸನೆಯೂ ತಗ್ಗುತ್ತದೆ. ನುಸಿಗುಳಿಗೆ ಮಾತ್ರ ಬೇಡ, ಅದು ಎಲ್ಲವನ್ನೂ ನುಂಗುತ್ತದೆ.

ಪೆಟ್ಟಿಗೆಯನ್ನು ಪುನಃ ಅಟ್ಟಕ್ಕೆ ಹಾಕಬೇಡಿ, ಹಂಚಿನ ಕೆಳಗೆ ಬಿಸಿ ಜಾಸ್ತಿ. ಕುಪ್ಪಿಗಳನ್ನೂ ಬೆಳಕು ಬೀಳದ ಕಪಾಟಿನ ಕೆಳಗಿನ ಖಾನೆಯಲ್ಲಿಡಿ. ಮಳೆ ಹಿಡಿಯುವ ಮೊದಲು ಕಾಗದಗಳನ್ನು ಒಮ್ಮೆ ನೆರಳಲ್ಲಿ ಬಿಡಿಸಿ ಹರಡಿ, ಒಂದೊಂದಾಗಿ.