ಮನೆಯಲ್ಲಿ ಈಚೆಗೆ ನೋಡಿದ ಚಿತ್ರಗಳು: ನಿಮ್ಮ ಅಭಿಪ್ರಾಯವೇನು?

ಸಂಜೆಪ್ರೇಕ್ಷಕ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈಚೆಗೆ ಮನೆಯ ಟಿವಿಯಲ್ಲಿ ಎರಡು ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ನೋಡಿದೆ: ಸಿಡ್ನಿ ಲುಮೆಟ್ ನಿರ್ದೇಶನದ ‘ಟ್ವೆಲ್ವ್ ಆಂಗ್ರಿ ಮೆನ್’ (1957) ಮತ್ತು ಯಸುಜಿರೊ ಓಜು ನಿರ್ದೇಶನದ ‘ಟೋಕಿಯೊ ಸ್ಟೋರಿ’ (1953). ನನ್ನ ಅಭಿಪ್ರಾಯವನ್ನು ಮೊದಲು ಹೇಳಿ, ಆಮೇಲೆ ಪ್ರಶ್ನೆಗೆ ಬರುತ್ತೇನೆ. ಚರ್ಚೆಯಲ್ಲಿ ಕಥೆಗಳ ಅಂತ್ಯವೂ ಬರಬಹುದು. ಚಿತ್ರಗಳನ್ನು ಇನ್ನೂ ನೋಡಿರದವರು ದಯವಿಟ್ಟು ಗಮನಿಸಬೇಕು.

ಮೊದಲನೆಯ ಚಿತ್ರದಲ್ಲಿ, ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನೊಬ್ಬನ ಅಳಿವು ಉಳಿವನ್ನು ಹನ್ನೆರಡು ಮಂದಿ ಜ್ಯೂರಿ ಸದಸ್ಯರು ಒಂದು ಕೊಠಡಿಯಲ್ಲಿ ಕುಳಿತು ತೀರ್ಮಾನಿಸಬೇಕಾಗಿದೆ. ಹನ್ನೊಂದು ಮಂದಿ ಅವನನ್ನು ಅಪರಾಧಿ ಎನ್ನುತ್ತಾರೆ. ಹೆನ್ರಿ ಫೊಂಡಾ ಅಭಿನಯಿಸಿರುವ ಎಂಟನೆಯ ಸದಸ್ಯ ಹುಡುಗನನ್ನು ನಿರಪರಾಧಿ ಎಂದು ಸಾರಲು ಹೊರಡುವುದಿಲ್ಲ. ಒಂದು ಜೀವದ ಪ್ರಶ್ನೆ ಇರುವಾಗ ಸ್ವಲ್ಪ ಹೊತ್ತು ಮಾತನಾಡೋಣ ಎಂದಷ್ಟೇ ಕೇಳುತ್ತಾನೆ. ಕೊಲೆಗೆ ಬಳಕೆಯಾದ ಚಾಕುವಿನಂಥದು ಇನ್ನೊಂದಿಲ್ಲ ಎಂದು ಉಳಿದವರು ವಾದಿಸುತ್ತಿರುವಾಗ ಅವನು ತನ್ನ ಜೇಬಿನಿಂದ ಅಂಥದೇ ಇನ್ನೊಂದು ಚಾಕುವನ್ನು ತೆಗೆದು ಮೇಜಿನ ಮೇಲೆ ನಾಟುವ ಗಳಿಗೆಯಲ್ಲಿ ನಮ್ಮ ಮನೆಯವರೆಲ್ಲರೂ ಬೆನ್ನು ನೇರ ಮಾಡಿ ಕುಳಿತರು. ಆ 96 ನಿಮಿಷಗಳಲ್ಲಿ ಯಾರೂ ಎದ್ದು ಹೋಗಲಿಲ್ಲ.

‘ಟೋಕಿಯೊ ಸ್ಟೋರಿ’ಗೆ ಈ ಭಾಗ್ಯ ಒದಗಲಿಲ್ಲ. ಒನೊಮಿಚಿ ಎಂಬ ಊರಿನ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ತಮ್ಮ ತಮ್ಮ ಕೆಲಸದಲ್ಲಿ ಮುಳುಗಿರುವ ಮಕ್ಕಳು ಅವರನ್ನು ಅತ್ತಿಂದಿತ್ತ ಸಾಗಹಾಕುತ್ತಾರೆ. ಯುದ್ಧದಲ್ಲಿ ಮಡಿದ ಮಗನ ಹೆಂಡತಿ ನೊರಿಕೊ ಒಬ್ಬಳೇ ಅವರಿಗಾಗಿ ಸಮಯ ಮಾಡಿಕೊಳ್ಳುತ್ತಾಳೆ. ಇಷ್ಟು ಕಥೆಗೆ ಎರಡು ಗಂಟೆಗೂ ಮೀರಿದ ಅವಧಿ. ನಡುವೆ ಫೋನು ಬಂತು, ಯಾರೋ ದೀಪ ಹಾಕಿದರು, ಯಾರೋ ನೀರಿಗೆಂದು ಎದ್ದರು. ಆದರೂ ಅಜ್ಜಿಯು ಪುಟ್ಟ ಮೊಮ್ಮಗನನ್ನು ಹುಲ್ಲಿನ ದಿಬ್ಬಕ್ಕೆ ಕರೆದೊಯ್ದು, ನೀನು ದೊಡ್ಡವನಾಗಿ ಡಾಕ್ಟರಾಗುವ ಹೊತ್ತಿಗೆ ನಾನು ಇರುತ್ತೇನೆಯೋ ಇಲ್ಲವೋ ಎಂದು ಅವನಿಗೂ ತನಗೂ ಹೇಳಿಕೊಳ್ಳುವ ದೃಶ್ಯ ನನ್ನನ್ನು ಬಿಟ್ಟಿಲ್ಲ. ಹುಡುಗ ಉತ್ತರಿಸುವುದಿಲ್ಲ, ತನ್ನ ಪಾಡಿಗೆ ತಾನು ಆಡುತ್ತಿರುತ್ತಾನೆ.

ಮೊದಲನೆಯ ಚಿತ್ರ ನನಗೆ ಹೆಚ್ಚು ಬಿಗಿಯಾಗಿ ಕಂಡಿತು. ಹಾಗೆ ಕಂಡದ್ದು ಚಿತ್ರದ ಗುಣದಿಂದಲೋ, ನಾವು ನೋಡಿದ ಪರಿಸ್ಥಿತಿಯಿಂದಲೋ ಎಂಬುದೇ ನನ್ನ ಪ್ರಶ್ನೆ. ನೀವು ಈಚೆಗೆ ಮನೆಯಲ್ಲಿ ನೋಡಿದ ಚಿತ್ರಗಳಲ್ಲಿ ಯಾವುದು ಹಿಡಿದು ಕೂರಿಸಿತು, ಯಾವುದು ಕೈಬಿಟ್ಟಿತು? ಐದಕ್ಕೆ ಎಷ್ಟು ಅಂಕ ಎಂಬುದಕ್ಕಿಂತ, ನಿಮ್ಮ ಅಭಿಪ್ರಾಯಕ್ಕೆ ಆಧಾರವಾದ ಒಂದಾದರೂ ದೃಶ್ಯವನ್ನು ಹೇಳಿದರೆ ಉಪಕಾರವಾಗುತ್ತದೆ.

ಕಿಟಕಿಯಾಚೆ ಅವರ ಉತ್ತರ

‘ಟ್ವೆಲ್ವ್ ಆಂಗ್ರಿ ಮೆನ್’ ಮನೆಯಲ್ಲಿ ಚೆನ್ನಾಗಿ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಆ ಕಥೆ ಹುಟ್ಟಿದ್ದೇ ಮನೆಯ ಪರದೆಗಾಗಿ. ರೆಜಿನಾಲ್ಡ್ ರೋಸ್ ಇದನ್ನು ಮೊದಲು ಬರೆದದ್ದು ಟಿವಿ ನಾಟಕವಾಗಿ. 1954ರಲ್ಲಿ ಅದು ಅಮೆರಿಕದಲ್ಲಿ ನೇರ ಪ್ರಸಾರವಾಯಿತು. ಲುಮೆಟ್ ಕೂಡ ಟಿವಿಯಲ್ಲಿ ಪಳಗಿ ಬಂದವರು, ಅವರಿಗೆ ಇದು ಮೊದಲ ಚಲನಚಿತ್ರ. ಹೀಗಾಗಿ ಮುಖಗಳು, ಮಾತು, ಒಂದು ಮೇಜು ಎಂಬ ಈ ಲೋಕ ಚಿಕ್ಕ ಪರದೆಯಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ.

ಆದರೆ ಇದು ಬರಿಯ ಮಾತಿನ ಚಿತ್ರ, ನಟರ ಚಿತ್ರ ಎಂದು ಹಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ಅವರೊಂದಿಗೆ ರೂಪಿಸಿದ ಯೋಜನೆಯನ್ನು ಲುಮೆಟ್ ಅವರೇ ವಿವರವಾಗಿ ಬರೆದಿದ್ದಾರೆ: ಚಿತ್ರದ ಮೊದಲ ಮೂರನೆಯ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟದಲ್ಲಿ, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ ಇರುತ್ತದೆ. ಇದರ ಜೊತೆಗೆ ಲೆನ್ಸ್‌ನ ನಾಭಿದೂರವೂ (ಇದು ಹೆಚ್ಚಿದಷ್ಟೂ ಹಿಂದಿರುವುದು ಹತ್ತಿರ ಬಂದಂತೆ ಕಾಣುತ್ತದೆ) ಹೆಚ್ಚುತ್ತಾ ಹೋಗುವುದರಿಂದ ಗೋಡೆಗಳು ಪಾತ್ರಗಳ ಬೆನ್ನಿಗೆ ಬಂದು ನಿಂತಂತೆ ಕಾಣುತ್ತವೆ, ಕೊನೆಕೊನೆಗೆ ತಾರಸಿಯೂ ಚೌಕಟ್ಟಿನೊಳಗೆ ಇಳಿಯುತ್ತದೆ. ಸೆಕೆಯ ದಿನ, ತಿರುಗದ ಫ್ಯಾನು, ಆಮೇಲೆ ಸುರಿಯುವ ಮಳೆ, ಇವೆಲ್ಲ ನಮ್ಮ ಗಮನಕ್ಕೆ ಬರುತ್ತವೆ. ಆದರೆ ಉಸಿರು ಕಟ್ಟಿದಂತಾಗುವುದಕ್ಕೆ ಮುಖ್ಯ ಕಾರಣ ಗಮನಕ್ಕೆ ಬಾರದ ಈ ಕ್ಯಾಮೆರಾ. ಕೊನೆಯಲ್ಲಿ ಎಲ್ಲರೂ ಹೊರಗೆ ಬರುವ ದೃಶ್ಯಕ್ಕೆ ಇಡೀ ಚಿತ್ರದಲ್ಲೇ ಅತ್ಯಂತ ಅಗಲವಾದ ನೋಟ ಕೊಡುವ ಲೆನ್ಸ್ ಬಳಸಿದ್ದಾರೆ. ಆ ಬಯಲು ಕಂಡಾಗ ನಮಗಾಗುವ ಹಗುರ ಭಾವನೆಯನ್ನು ಬರವಣಿಗೆಯೊಂದೇ ಕೊಡಲಾರದು.

ಸಂಜೆಪ್ರೇಕ್ಷಕರೇ, ತಮಗೆ ಬಿಡುವಾದಾಗ ಮೊದಲ ಹತ್ತು ನಿಮಿಷಗಳನ್ನೂ ಕೊನೆಯ ಹತ್ತು ನಿಮಿಷಗಳನ್ನೂ ಹೋಲಿಸಿ ನೋಡಿ. ಅದೇ ಕೊಠಡಿ ಎಂದು ನಂಬುವುದು ಕಷ್ಟವಾಗುತ್ತದೆ.

ನಿಧಾನನಡಿಗೆ ಅವರ ಉತ್ತರ

ನಾನು ‘ಟೋಕಿಯೊ ಸ್ಟೋರಿ’ಯ ಪರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ಚಿತ್ರವನ್ನು ನಾನು ನೋಡಿರುವುದೆಲ್ಲ ಮನೆಯಲ್ಲಿಯೇ, ಮತ್ತು ಪ್ರತಿ ಸಲವೂ ಅದು ನನ್ನನ್ನು ಅಲುಗಾಡಿಸಿದೆ.

ಓಜು ಅವರ ಕ್ಯಾಮೆರಾ ನೆಲದ ಮೇಲೆ ಕುಳಿತವರ ಎತ್ತರಕ್ಕಿಂತಲೂ ಸ್ವಲ್ಪ ಕೆಳಗೆ ನಿಂತು, ಬಹುತೇಕ ಕದಲದೆ ನೋಡುತ್ತದೆ. ದೃಶ್ಯ ದೃಶ್ಯಗಳ ನಡುವೆ ಹೊಗೆ ಕಾರುವ ಚಿಮಣಿ, ಒಣಹಾಕಿದ ಬಟ್ಟೆ, ಹಾದುಹೋಗುವ ರೈಲು, ಖಾಲಿ ಓಣಿ ಇಂಥವು ಕೆಲವು ಕ್ಷಣ ಬಂದು ಹೋಗುತ್ತವೆ. ಮನೆಯಲ್ಲಿ ನೋಡುವವರು ಎದ್ದು ಹೋಗುವುದು, ಫೋನು ತೆಗೆಯುವುದು ಬಹುಮಟ್ಟಿಗೆ ಈ ಕ್ಷಣಗಳಲ್ಲಿಯೇ. ಈಗ ಏನೂ ನಡೆಯುತ್ತಿಲ್ಲ ಎಂದು ಅವರಿಗೆ ಅನ್ನಿಸುತ್ತದೆ. ಆದರೆ ಹಿಂದಿನ ದೃಶ್ಯದಲ್ಲಿ ಯಾರೋ ನುಂಗಿಕೊಂಡ ಮಾತು ನಮಗೆ ತಲುಪುವುದಕ್ಕೆಂದೇ ಓಜು ಆ ಬಿಡುವನ್ನು ಇಟ್ಟಿದ್ದಾರೆ. ಬಿಡುವನ್ನು ಕಿತ್ತುಹಾಕಿದರೆ ಉಳಿಯುವುದು ಸಾಮಾನ್ಯವಾದ ಕೌಟುಂಬಿಕ ಕಥೆ. ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ: ತಮಗೆ ಸಡಿಲವಾಗಿ ಕಂಡದ್ದು ಚಿತ್ರವಲ್ಲ, ಆ ಸಂಜೆ.

ಇನ್ನೊಂದು ಮಾತು. ಹಿರಿಯ ಮಗಳು ಶಿಗೆಯನ್ನು ಕಲ್ಲೆದೆಯವಳೆಂದು ತೀರ್ಮಾನಿಸುವವರು ಬಹಳ. ತಾಯಿಯ ಸ್ಥಿತಿ ಕೈಮೀರಿದೆ ಎಂದು ತಿಳಿದಾಗ ಎಲ್ಲರಿಗಿಂತ ಮೊದಲು ಬಿಕ್ಕಿ ಬಿಕ್ಕಿ ಅಳುವವಳು ಅವಳೇ. ಅಂತ್ಯಕ್ರಿಯೆಯ ನಂತರ ಎಲ್ಲರೂ ಊಟಕ್ಕೆ ಕುಳಿತಾಗ ತಾಯಿಯ ಉಡುಪುಗಳನ್ನು ನೆನಪಿಗಾಗಿ ತನಗೆ ಕೊಡಿ ಎಂದು ಕೇಳುವವಳೂ ಅವಳೇ. ಎರಡೂ ನಿಜವಾದವು, ಅಳುವನ್ನು ನಾಟಕವೆಂದು ತೋರಿಸಿದ್ದರೆ ಈ ಚಿತ್ರ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನೊರಿಕೊ ಕೂಡ ಅವಳನ್ನು ದೂಷಿಸುವುದಿಲ್ಲ. ಕೋಪಗೊಂಡ ಕಿರಿಯ ಮಗಳಿಗೆ, ಮಕ್ಕಳು ಬೆಳೆದಂತೆ ಅವರಿಗೆ ತಮ್ಮದೇ ಬದುಕು ಮುಖ್ಯವಾಗುತ್ತದೆ ಎಂದು ಸಮಾಧಾನದಿಂದ ಹೇಳುತ್ತಾಳೆ. ನೊರಿಕೊ ಪಾತ್ರ ವಹಿಸಿದ ಸೆತ್ಸುಕೊ ಹಾರಾ ಆ ಮಾತುಗಳನ್ನು ನಗುಮುಖದಿಂದ ಹೇಳುವ ಬಗೆಯನ್ನು ನೋಡಬೇಕು. ವೃದ್ಧ ತಂದೆಯ ಪಾತ್ರ ವಹಿಸಿದ ಚಿಶು ರ್‍ಯು ಅವರಿಗೆ ಆಗ ಐವತ್ತೂ ತುಂಬಿರಲಿಲ್ಲ ಎಂಬುದನ್ನು ತಿಳಿದ ಮೇಲೆ ನಾನು ಅವರ ಬೆನ್ನಿನ ಬಾಗನ್ನೂ ಕೂರುವ ರೀತಿಯನ್ನೂ ಗಮನಿಸಲೆಂದೇ ಮತ್ತೊಮ್ಮೆ ಚಿತ್ರ ಹಾಕಿದ್ದೆ.

ಧ್ವನಿಪ್ರಿಯ ಅವರ ಉತ್ತರ

ಮೇಲಿನವರು ಬಿಡುವು ಮತ್ತು ಗಮನದ ಬಗ್ಗೆ ಬರೆದಿದ್ದಾರೆ. ನಾನು ಉಪಕರಣದ ಬಗ್ಗೆ ಹೇಳಬೇಕೆಂದಿದ್ದೇನೆ, ಏಕೆಂದರೆ ಅಭಿಪ್ರಾಯವನ್ನು ಅದೂ ಕೆಡಿಸುತ್ತದೆ.

ನಾನು ಈಚೆಗೆ ನೋಡಿದ್ದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955). ಇದರ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ತೀವ್ರವಾಗಿ ಹಾಳಾಗಿತ್ತು. ಉಳಿದ ಭಾಗಗಳನ್ನೂ ಬೇರೆ ಪ್ರತಿಗಳನ್ನೂ ಸೇರಿಸಿ ಪುನರುದ್ಧಾರ ಮಾಡಿದ ಪ್ರತಿ 2015ರಲ್ಲಿ ಹೊರಬಂದಿತು. ಅಷ್ಟು ಶ್ರಮದಿಂದ ಉಳಿಸಿದ ಚಿತ್ರವನ್ನು ಟಿವಿಯ ಕಾರ್ಖಾನೆ ಸೆಟ್ಟಿಂಗ್‌ನಲ್ಲಿಯೇ ನೋಡುವುದು ನನಗೆ ಸಂಕಟದ ವಿಷಯ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿರುತ್ತವೆ. ಇಂದಿನ ಅನೇಕ ಟಿವಿಗಳು ಅವುಗಳ ನಡುವೆ ತಾವೇ ಹೊಸ ಚೌಕಟ್ಟುಗಳನ್ನು ಊಹಿಸಿ ತುಂಬಿಸಿ, ಚಲನೆಯನ್ನು ಅತಿಯಾಗಿ ನಯಗೊಳಿಸುತ್ತವೆ. ಆಗ ಸಿನಿಮಾ ಧಾರಾವಾಹಿಯಂತೆ ಕಾಣತೊಡಗುತ್ತದೆ. ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಈ ಸೌಲಭ್ಯವನ್ನು ನಿಲ್ಲಿಸಿ ಚಿತ್ರ ನೋಡಿ ಎಂದು 2018ರಲ್ಲಿ ವಿಡಿಯೊ ಮೂಲಕ ಪ್ರೇಕ್ಷಕರನ್ನು ಕೇಳಿಕೊಂಡಿದ್ದರು. ಬೇರೆ ಬೇರೆ ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರಿಡುತ್ತವೆ. ಚಿತ್ರದ ಸೆಟ್ಟಿಂಗ್‌ನಲ್ಲಿ ‘ಮೋಷನ್’ ಎಂಬ ಮಾತಿರುವಲ್ಲಿ ಹುಡುಕಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನು ಆಯ್ದುಕೊಂಡರೆ ಸಾಕು.

ಚೌಕಟ್ಟಿನ ಆಕಾರವನ್ನೂ ಗಮನಿಸಿ. ಈ ಚರ್ಚೆಯ ‘ಟೋಕಿಯೊ ಸ್ಟೋರಿ’ಯೂ ‘ಪಥೇರ್ ಪಾಂಚಾಲಿ’ಯೂ ಸುಮಾರು ಚೌಕಾಕಾರದ ಹಳೆಯ ಅನುಪಾತದಲ್ಲಿ ತೆಗೆದ ಚಿತ್ರಗಳು. ಎಡಬಲದ ಕಪ್ಪು ಪಟ್ಟಿಗಳನ್ನು ಹೋಗಲಾಡಿಸಲು ಪರದೆ ತುಂಬುವಂತೆ ಹಿಗ್ಗಿಸಿದರೆ ಮುಖಗಳು ಅಗಲವಾಗುತ್ತವೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ.

ಇನ್ನು ಧ್ವನಿ. ಮಗಳು ದುರ್ಗಾ ಸತ್ತ ನಂತರ ಊರಿಗೆ ಮರಳುವ ಹರಿಹರ, ಅದನ್ನರಿಯದೆ, ತಂದ ಸಾಮಾನುಗಳನ್ನು ಒಂದೊಂದಾಗಿ ಹೊರತೆಗೆಯುತ್ತಾನೆ. ದುರ್ಗಾಳಿಗೆಂದು ತಂದ ಸೀರೆಯನ್ನು ಕೈಗಿಟ್ಟಾಗ ತಾಯಿ ಸರ್ಬಜಯಾ ಕುಸಿಯುತ್ತಾಳೆ. ಅವಳ ಗೋಳಾಟ ನಮಗೆ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಎತ್ತರದ ಸ್ವರದಲ್ಲಿ ಚೀರುತ್ತದೆ. ಚಿತ್ರದ ಸಂಗೀತ ರವಿಶಂಕರ್ ಅವರದು. ಟಿವಿಯ ಹಿಂಬದಿಯಲ್ಲೋ ಅಡಿಯಲ್ಲೋ ಇರುವ ಪುಟ್ಟ ಸ್ಪೀಕರಿನಲ್ಲಿ ಆ ಸ್ವರ ಕರ್ಕಶವಾದ ಸದ್ದಾಗಿಬಿಡುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ, ಇದು ವಾದ್ಯವೋ ಅವಳ ಕಂಠವೋ ಎಂದು ಕ್ಷಣಕಾಲ ತಿಳಿಯದೆ ಹೋಯಿತು. ದುಬಾರಿ ವ್ಯವಸ್ಥೆ ಬೇಕೆಂದು ನಾನು ಹೇಳುತ್ತಿಲ್ಲ. ಇರುವುದರಲ್ಲೇ ಧ್ವನಿ ಸರಿಮಾಡಿಕೊಂಡ ಮೇಲೆ ಅಭಿಪ್ರಾಯ ಹೇಳುವುದು ನ್ಯಾಯ.

ಮರುನೋಟ ಅವರ ಉತ್ತರ

ಚರ್ಚೆ ಮನೆಯ ಕೊರತೆಗಳತ್ತಲೇ ವಾಲುತ್ತಿರುವುದರಿಂದ ಮನೆಗೆ ಇರುವ ಒಂದು ಬಲವನ್ನು ಹೇಳುತ್ತೇನೆ. ಅಕಿರಾ ಕುರೊಸಾವಾ ಅವರ ‘ರಾಶೊಮೊನ್’ (1950) ನೋಡಿದೆ. ಕಾಡಿನಲ್ಲಿ ನಡೆದ ಒಂದು ಸಾವನ್ನು ದರೋಡೆಕೋರ, ಹೆಂಗಸು, ಮೈಮೇಲೆ ಆವಾಹಿಸಿಕೊಂಡವಳ ಬಾಯಿಂದ ಮಾತನಾಡುವ ಸತ್ತವನ ಆತ್ಮ, ಕೊನೆಗೆ ಕಟ್ಟಿಗೆ ಕಡಿಯುವವನು ನಾಲ್ಕು ಬಗೆಯಾಗಿ ಹೇಳುತ್ತಾರೆ. ಮೊದಲ ಸಲ ತಡೆಯಿಲ್ಲದೆ ನೋಡಿ ಮುಗಿಸಿ, ಮರುದಿನ ಕತ್ತಿಕಾಳಗವನ್ನು ಮಾತ್ರ ಹಿಂದೆ ಮುಂದೆ ಓಡಿಸಿ ಹೋಲಿಸಿದೆ. ದರೋಡೆಕೋರನ ಹೇಳಿಕೆಯಲ್ಲಿ ಅವನೂ ಸತ್ತವನೂ ಕಲಿಗಳಂತೆ ಕಾದಾಡುತ್ತಾರೆ. ಕಟ್ಟಿಗೆಯವನ ಹೇಳಿಕೆಯಲ್ಲಿ ಅದೇ ಇಬ್ಬರು ಕೈಕಾಲು ನಡುಗುತ್ತಾ, ಎಡವಿ ಬೀಳುತ್ತಾ, ಏದುಸಿರು ಬಿಡುತ್ತಾ ಹೊಡೆದಾಡುತ್ತಾರೆ. ಎರಡನ್ನೂ ಒತ್ತೊತ್ತಿಗೆ ಇಟ್ಟು ನೋಡಿದಾಗ ಮನುಷ್ಯ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಸುಳ್ಳಿನ ಅಳತೆ ಸ್ಪಷ್ಟವಾಗುತ್ತದೆ. ಈ ಹೋಲಿಕೆಗೆ ಚಿತ್ರಮಂದಿರದಲ್ಲಿ ಅವಕಾಶವಿಲ್ಲ.

ಆದರೂ ಕಟ್ಟಿಗೆಯವನ ಮಾತೇ ಸತ್ಯ ಎಂಬ ಅಭಿಪ್ರಾಯಕ್ಕೆ ನಾನು ಬರಲಾರೆ. ಬೆಲೆಬಾಳುವ ಕಠಾರಿಯ ವಿಷಯವನ್ನು ಅವನೂ ಮುಚ್ಚಿಟ್ಟಿದ್ದಾನೆ.

ಸಂಜೆಪ್ರೇಕ್ಷಕ ಅವರ ಮರುಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಧ್ವನಿಪ್ರಿಯ ಅವರು ಹೇಳಿದ ಮೋಷನ್ ಸೆಟ್ಟಿಂಗ್ ನಮ್ಮ ಟಿವಿಯಲ್ಲಿ ಚಾಲೂ ಇತ್ತು, ಆರಿಸಿದೆ. ‘ಟೋಕಿಯೊ ಸ್ಟೋರಿ’ಯ ಕೊನೆಯ ಭಾಗವನ್ನು, ಮಾವ ನೊರಿಕೊಗೆ ತೀರಿಕೊಂಡ ಅತ್ತೆಯ ಗಡಿಯಾರ ಕೊಡುವಲ್ಲಿಂದ, ದೀಪ ಆರಿಸಿ ಒಬ್ಬನೇ ಕುಳಿತು ನೋಡಿದೆ. ರೈಲಿನಲ್ಲಿ ಅವಳು ಆ ಗಡಿಯಾರವನ್ನು ತೆರೆದು ನೋಡುವುದು ಮೊದಲ ಸಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಿಧಾನನಡಿಗೆ ಅವರ ಉತ್ತರವನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಟೋಕಿಯೊದ ಮನೆಗಳ ನಡುವಿನ ಓಡಾಟ ಇನ್ನಷ್ಟು ಚಿಕ್ಕದಾಗಿರಬಹುದಿತ್ತು ಎಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಮುಂದೆ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ನೋಡುವ ಮನಸ್ಸಿದೆ. ನೋಡಿದವರು ಯಾವ ಸಿದ್ಧತೆ ಬೇಕೆಂದು ಹೇಳಬಹುದೇ?

ನಿಧಾನನಡಿಗೆ ಅವರ ಉತ್ತರ

ರಾತ್ರಿಯೇ ನೋಡಿ. ಚಿತ್ರ ಕಪ್ಪುಬಿಳುಪಿನದು, ಮುಖ್ಯವಾದ ಘಟನೆಗಳು ಕತ್ತಲೆಯಲ್ಲಿ ನಡೆಯುತ್ತವೆ. ಕಿಟಕಿಯ ಬೆಳಕು ಪರದೆಗೆ ಬಿದ್ದರೆ ಆ ಕತ್ತಲೆಯೊಳಗಿನ ಮುಖಗಳು ಕಾಣದೆ ಹೋಗುತ್ತವೆ. ಹಳೆಯ ಮಸುಕು ಪ್ರತಿಗಳೂ ಇವೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಪುನರುದ್ಧಾರಗೊಂಡ ಪ್ರತಿ ದೊರೆಯುವ ಅವಕಾಶವಿದ್ದರೆ ಅದಕ್ಕಾಗಿ ಕಾಯುವುದು ಲೇಸು. ಇಡೀ ಕಥೆ ನಾಣಿ ಎಂಬ ಹುಡುಗನ ಕಣ್ಣಿನಿಂದ ಕಾಣುವುದರಿಂದ, ದೊಡ್ಡವರು ಪಿಸುಗುಟ್ಟುವುದು ಅವನಿಗೆ ಎಷ್ಟು ಅರ್ಥವಾಗುತ್ತದೆಯೋ ನಮಗೂ ಅಷ್ಟೇ ಸಿಗುತ್ತದೆ. ಅರ್ಥವಾಗಲಿಲ್ಲವೆಂದು ಹಿಂದಕ್ಕೆ ಓಡಿಸಬೇಡಿ; ವಿಧವೆ ಯಮುನಕ್ಕನಿಗೆ ಏನಾಗುತ್ತಿದೆ ಎಂಬುದು ನಾಣಿಗೆ ತಿಳಿಯುವ ಹೊತ್ತಿಗೆ ನಿಮಗೂ ತಿಳಿಯುತ್ತದೆ. ನೋಡಿದ ಮೇಲೆ ಬರೆಯಿರಿ, ಕೊನೆಯ ದೃಶ್ಯದ ಬಗ್ಗೆ ತಮ್ಮೊಂದಿಗೆ ಮಾತನಾಡುವುದು ಬಹಳವಿದೆ.